ಅವ್ವ ಹೇಳಿ ಬರೆಸಿದ ಯಾದಿ

ಹೋದ ವಾರ ನಮ್ಮ ಓಣಿಯ ಹುಡುಗಿಯೊಬ್ಬಳ ಮದುವೆ ಗೊತ್ತಾಯಿತು. ಯಾದಿ ಬರೆಯಲು ಬರಬೇಕೆಂದು ನನಗೆ ಹೇಳಿಕೆ ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪೆನ್ನಿಗೆ ಹೊಸ ಮಸಿ ತುಂಬಿಕೊಂಡು, ಕನ್ನಡಕ ಒರೆಸಿಕೊಂಡು ಹೋದೆ. ಜಮಖಾನದ ಮೇಲೆ ಕೂತು ಉಸಿರು ಬಿಡುವಷ್ಟರಲ್ಲಿ ವರನ ಕಡೆಯ ಒಬ್ಬ ತರುಣ ಮೊಬೈಲ್ ತೆಗೆದು, ಎರಡು ಹೆಬ್ಬೆರಳಿನಿಂದ ಯಾದಿಯನ್ನೆಲ್ಲ ಕುಟ್ಟಿ ಮುಗಿಸಿದ. "ಗ್ರೂಪಿಗೆ ಹಾಕೀನ್ರಿ ಕಾಕಾ, ಎಲ್ಲಾರೂ ನೋಡ್ಕೋರಿ" ಎಂದ. ಒಂದು ಕಾಲದಲ್ಲಿ ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಅಕ್ಷರ ಬಲ್ಲವರೇ ಹೆಬ್ಬೆಟ್ಟಿನಿಂದ ಬರೆಯುತ್ತಾರೆ. ಚಹಾ ಕುಡಿದು, ಪೆನ್ನಿನ ಟೊಪ್ಪಿಗೆ ಕೂಡ ತೆಗೆಯದೆ ಮನೆಗೆ ಬಂದೆ.

"ಯಾಕ್ರಿ, ಇಷ್ಟ ಲಗೂ ಬಂದ್ರಿ? ಹೊರಗ ಹಾಕಿದ್ರೇನು?" ಎಂದು ಹೆಂಡತಿ ಮಹಾನಂದಾ ಕೇಳಿದಳು. ಮುಖ ನೋಡಿಯೇ ಗೊತ್ತಾಗಿತ್ತು ಅವಳಿಗೆ.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆಗೆ ಮದುವೆಗಿಂತ ಮೊದಲು ಯಾದಿ ಆಗಬೇಕು. ಎರಡೂ ಕಡೆಯ ಹಿರಿಯರು ಎದುರುಬದುರು ಕೂಡುತ್ತಾರೆ. ಹಂದರ ಯಾರು ಹಾಕಿಸಬೇಕು, ಊಟ ಯಾರು ನೋಡಿಕೊಳ್ಳಬೇಕು, ಯಾವ ಅತ್ತೆಗೆ ಮಾನದ ಸೀರೆ, ಯಾವ ಮಾವನಿಗೆ ರುಮಾಲು, ಒಂದೊಂದನ್ನೂ ಮಾತಾಡಿ, ಜಗಳಾಡಿ, ಒಪ್ಪಿ ಎರಡು ಹಾಳೆಯ ಮೇಲೆ ಬರೆಯಬೇಕು. ಹಾಳೆಯ ಮೂಲೆಗಳಿಗೆ ಅರಿಶಿನ ಹಚ್ಚಬೇಕು. ಒಬ್ಬರು ಎದ್ದು ಗಟ್ಟಿಯಾಗಿ ಓದಬೇಕು. ಕೇಳಿದವರೆಲ್ಲ ಹೂಂ ಅಂದ ಮೇಲೆ ಎರಡೂ ಕಡೆಯವರು ಸಹಿ ಹಾಕಿ, ನಿಮ್ಮ ಹಾಳೆ ನಮಗೆ, ನಮ್ಮ ಹಾಳೆ ನಿಮಗೆ. ಆಮೇಲೆ "ನಾ ಹಂಗ ಅಂದೇ ಇಲ್ಲ" ಎಂದು ಯಾರೂ ತಿರುಗುವಂತಿಲ್ಲ.

ಇಂಥ ಯಾದಿಗಳನ್ನು ನಾನು ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಹಾಗೆಂದು ನಾನೇನು ದೊಡ್ಡ ಪಂಡಿತನಲ್ಲ. ಓದಿದ್ದು ಮರಾಠಿ ಸಾಲೆಯಲ್ಲಿ. ಕನ್ನಡ ಅಕ್ಷರ ಕಲಿಸಿದವನು ನಮ್ಮ ಮುತ್ಯಾ, ಅಂದರೆ ಅಜ್ಜ, ನಮ್ಮ ಹಳ್ಳಿ ವಾಗದರಿಯ ಮನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು, ಇದ್ದಲಿನಿಂದ ಬರೆಸಿ. ನಾನು ಮರಾಠಿಯ ರೂಢಿಯಿಂದ ಕನ್ನಡ ಅಕ್ಷರಗಳ ನೆತ್ತಿಗೂ ಉದ್ದಕ್ಕೆ ಗೆರೆ ಎಳೆದುಬಿಡುತ್ತಿದ್ದೆ. "ಎಲಾ ಇವನ, ಅಕ್ಷರ ಒಣಗಾಕ ಹಗ್ಗದ ಮ್ಯಾಲ ಯಾಕ ಹಾಕಿದ್ಯೋ?" ಎಂದು ಮುತ್ಯಾ ಅಂಗೈಯಿಂದ ಅಳಿಸಿಬಿಡುತ್ತಿದ್ದ. ಅವನ ಅಂಗೈ ಕರಿ, ನನ್ನ ಮೂಗು ಕರಿ. ಮುಂದೆ ಎಸ್‌ಟಿಯಲ್ಲಿ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ, ಕಂಡಕ್ಟರನಾಗಿ ಸೊಲ್ಲಾಪುರ, ಅಕ್ಕಲಕೋಟೆ, ಮೈಂದರ್ಗಿ ಎಂದು ಇಡೀ ನೌಕರಿ ಅದೇ ದಾರಿಯಲ್ಲಿ ಸವೆಸಿದೆ. ಓಡುವ ಬಸ್ಸಿನಲ್ಲಿ ನಿಂತು ಬರೆದು ಬರೆದು ನನ್ನ ಅಕ್ಷರಗಳೆಲ್ಲ ಬ್ರೇಕ್ ಬಿದ್ದಾಗಿನ ಪ್ರಯಾಣಿಕರಂತೆ ಮುಂದಕ್ಕೆ ವಾಲಿವೆ. ಆದರೂ ಕನ್ನಡದಲ್ಲಿ ಯಾದಿ ಬರೆಯಬಲ್ಲವರು ಊರಲ್ಲಿ ಕಡಿಮೆಯಾಗುತ್ತ ಬಂದದ್ದರಿಂದ ನನ್ನ ಬೆಲೆ ಏರುತ್ತ ಹೋಯಿತು. ಪೈಪೋಟಿ ಇಲ್ಲದ ಕಡೆ ಗೆಲ್ಲುವುದು ನನ್ನ ಹಳೆಯ ಗುಣ.

ಆದರೆ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವ ಯಾದಿ ಒಂದೇ. ಅದು ಮದುವೆಯದಲ್ಲ. ಅದನ್ನು ಹೇಳಿ ಬರೆಸಿದವಳು ನಮ್ಮ ಅವ್ವ.

ಅವ್ವ ನನ್ನ ತಮ್ಮ ಕಲ್ಲಪ್ಪನ ಸಂಸಾರದ ಜೊತೆ ವಾಗದರಿಯಲ್ಲಿದ್ದಳು. ಎಂಬತ್ತರ ಹತ್ತಿರ ಬಂದರೂ ದಿನಕ್ಕೆ ಹದಿನೈದು ಇಪ್ಪತ್ತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಅನ್ನದೆ ಕೆಳಗಿಡುತ್ತಿದ್ದಳು. ಆ ಏನೂ ಅನ್ನದಿರುವುದಕ್ಕೆ ಸೊಸೆ ಹೆದರುತ್ತಿದ್ದಳು.

ಅವಳ ಗೆಳತಿ ನೀಲವ್ವ. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯಾಗಿ ಬಂದವರು. ನೀಲವ್ವನಿಗೆ ಲಕ್ವ ಹೊಡೆದು ಸೊಲ್ಲಾಪುರದ ಒಂದು ದೊಡ್ಡ ದವಾಖಾನೆಗೆ ಹಾಕಿದರು. ಗಂಟಲಿಗೆ ನಳಿಗೆ, ಉಸಿರಿಗೆ ಮಿಶೀನು. ಒಂದು ವಾರದ ಮೇಲೆ, ಇನ್ನು ಏಳುವ ಆಸೆ ಇಲ್ಲ ಎಂದು ಡಾಕ್ಟರರೇ ಹೇಳಿದರು. ಮಕ್ಕಳು ಮನೆಗೆ ಕರೆದೊಯ್ಯುವ ಮಾತಾಡಿದರು. ಅಷ್ಟರಲ್ಲಿ ಸಲಗರದ ಕಡೆಯಿಂದ ನೀಲವ್ವನ ತವರಿನವರು, ಮುಂದೆ ಅವಳ ಅಣ್ಣ, ಬಂದಿಳಿದರು. "ಉಸಿರು ಆಡಾಕತ್ತೈತಿ, ಹಂಗ ಹ್ಯಾಂಗ ಒಯ್ತೀರಿ? ನಮ್ಮ ಮಗಳು ನಿಮಗ ಭಾರ ಆದಳೇನು?" ಎಂದರು. ಮುಗಿಯಿತು. ನಮ್ಮಲ್ಲಿ ಹೆಣ್ಣುಮಗಳು ಸತ್ತಾಗ ಉಡಿಸುವ ಕಡೆಯ ಸೀರೆ ತವರಿನಿಂದ ಬರಬೇಕು, ಅವರು ಮುಖ ನೋಡುವ ತನಕ ಹೆಣ ಎತ್ತುವಂತಿಲ್ಲ. ಅಂಥವರ ಮಾತನ್ನು ದಾಟಿ ಯಾವ ಗಂಡುಮಗ ಡಾಕ್ಟರಿಗೆ "ಸಾಕು" ಎಂದಾನು? ನೀಲವ್ವ ಇನ್ನೂ ಹನ್ನೆರಡು ದಿನ ಹಾಗೇ ಇದ್ದಳು.

ಆ ದಿನಗಳಲ್ಲೇ ಒಮ್ಮೆ ಅವ್ವ "ನೀಲವ್ವನ ಮಾರಿ ನೋಡಬೇಕು" ಎಂದಳು. ಕರೆದುಕೊಂಡು ಹೋದೆ. ನೀಲವ್ವ ನಳಿಗೆ ಕಿತ್ತುಕೊಳ್ಳುತ್ತಾಳೆಂದು ಅವಳ ಎರಡೂ ಕೈಗಳನ್ನು ಬಿಳಿ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಅವ್ವ ಮುಖ ನೋಡಲಿಲ್ಲ. ಆ ಗಂಟನ್ನೇ ನೋಡುತ್ತ ನಿಂತಳು. ಬೆರಳು ಮುಂದೆ ಮಾಡಿದಳು. "ಆಜಿ, ಹಾತ್ ಲಾವೂ ನಕಾ" ಎಂದಳು ನರ್ಸ್, ಮುಟ್ಟಬೇಡಿ ಅಂತ. ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

ವಾಪಸು ಬರುವ ಬಸ್ಸು ಅಕ್ಕಲಕೋಟೆ ದಾಟಿತು. ಆಮೇಲೆ ಅವ್ವ ಕಿಟಕಿಯ ಕಡೆಗೇ ಮುಖ ಇಟ್ಟುಕೊಂಡು ಹೇಳಿದಳು:

"ಬಸಣ್ಣಾ, ಯಾದಿ ಬರಿಬೇಕು."

"ಯಾರ ಮದವಿಯವಾ?"

"ಮದವಿ ಅಲ್ಲೋ. ನಂದು. ನನಗ ಮಾತು ನಿಂತ ಮ್ಯಾಲ ಏನ ಮಾಡಬೇಕು, ಏನ ಮಾಡಬಾರದು ಅಂತ. ಬಾಯಿಲೆ ಹೇಳಿದ್ರ ನೀವು ಅಳಕೋತ ಮರೀತೀರಿ. ಮೈಂದರ್ಗಿಂದ ಶಿವಲಿಂಗನ್ನೂ ಕರಿ. ಎರಡೂ ಕಡಿಯವರು ಇರಬೇಕು, ಸಹಿ ಹಾಕಬೇಕು."

ಶಿವಲಿಂಗಪ್ಪ ಮಾವ ಅವ್ವನ ಒಬ್ಬನೇ ತಮ್ಮ. ತವರು ಅಂದರೆ ಅವ್ವನಿಗೆ ಅವನೇ. ಅವರ ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳು. ಅಕ್ಕನಿಗೆ ಒಂದು ಕೆಮ್ಮು ಬಂದರೆ ನಮಗೆ ಫೋನು: "ಏನ ತಿನ್ನಸ್ತೀರೋ ಆಕಿಗೆ?" ಅವಳ ಕಾಲು ಉಳುಕಿದಾಗ ನಮ್ಮ ಅಂಗಳದಲ್ಲಿ ನಿಂತು ಅಂಗಳವನ್ನೇ ಬೈದು ಹೋಗಿದ್ದ. ಅಂಥವನು ನಾಳೆ ದವಾಖಾನೆಯಲ್ಲಿ ಬಂದು ನಿಂತರೆ ನಮ್ಮ ಗತಿ ನೀಲವ್ವನ ಮಕ್ಕಳದೇ ಎಂಬುದು ನನಗೂ ಕಲ್ಲಪ್ಪನಿಗೂ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು.

ಅಕ್ಕಲಕೋಟೆಯ ನಮ್ಮ ಡಾಕ್ಟರರ ಹತ್ತಿರ ಅವ್ವ ಮೊದಲು ಎಲ್ಲ ಕೇಳಿ ತಿಳಿದುಕೊಂಡಳು. ಯಾವ ಮಿಶೀನು ಏನು ಮಾಡುತ್ತದೆ, ಯಾವುದರಿಂದ ಎದ್ದು ಬರಬಹುದು, ಯಾವುದರಿಂದ ಬರೀ ದಿನ ಉದ್ದವಾಗುತ್ತದೆ. ಸೀರೆ ಅಂಗಡಿಯಲ್ಲಿ ಸೆರಗು ತಿರುವಿ ನೋಡುವ ಹಾಗೆ ಒಂದೊಂದನ್ನೂ ತಿರುವಿ ತಿರುವಿ ಕೇಳಿದಳು. ಡಾಕ್ಟರರು ಹೇಳಿದರು: ಇದನ್ನು ಬರೆದಿಡಲು ಕಾಯ್ದೆಯೇ ಅವಕಾಶ ಕೊಟ್ಟಿದೆ, ಇಬ್ಬರು ಸಾಕ್ಷಿ ಬೇಕು, ನೋಟರಿ ಶಿಕ್ಕಾ ಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬದಲಿಸಬಹುದು. "ನಂದು ಬದಲಾಗೂದಿಲ್ರಿ ಸಾಹೇಬ್ರ. ಈ ಹುಡುಗೋರದ ಅಂಜಿಕಿ" ಎಂದಳು ಅವ್ವ. ಹುಡುಗರೆಂದರೆ ನಾವು. ನನಗೆ ಆಗ ಅರವತ್ತೆರಡು.

ಒಂದು ರವಿವಾರ ಮುಂಜಾನೆ ವಾಗದರಿಯ ಪಡಸಾಲೆಯಲ್ಲಿ ಜಮಖಾನ ಹಾಸಿದೆವು. ಅವ್ವ ನಡುವೆ ಬಂದು ಕೂತಳು. ಯಾದಿಯ ಜಮಖಾನದ ಮೇಲೆ, ಗಂಡಸರ ನಡುವೆ, ಹೆಂಗಸೊಬ್ಬಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ಸುತ್ತ ನೋಡಿ ನಕ್ಕಳು. "ನನ್ನ ಮದವಿ ಯಾದಿ ಆಗುವಾಗ ನಾ ಒಳಗ ಶೇಂಗಾ ಹುರಿಯಾಕತ್ತಿದ್ದೆ. ಹೊರಗ ಏನ ಮಾತಾಡ್ತಾರ ಅಂತ ಕಿವಿ ಕೊಟ್ಟು ಕೊಟ್ಟು ಒಂದ ಬುಟ್ಟಿ ಶೇಂಗಾ ಕರಕಾದ್ವು ನೋಡ್ರಿ."

ನಾನು ಮೂಲೆಗಳಿಗೆ ಅರಿಶಿನ ಹಚ್ಚಿದೆ. ರೂಢಿಯ ಕೈ ತಲೆಬರಹ ಬರೆದುಕೊಂಡೇಬಿಟ್ಟಿತು.

"ಒಂದನೇದು ಬರಿ" ಎಂದಳು ಅವ್ವ. "ಜ್ವರ ಬಂದ್ರ, ದಮ್ಮ ಹತ್ತಿದ್ರ, ಬಿದ್ದು ಕಾಲ ಮುರಕೊಂಡ್ರ ದವಾಖಾನಿಗೆ ಒಯ್ಯಬೇಕು. ಮುದುಕಿ ಹೆಂಗಿದ್ರೂ ಹೋಗಾಕಿ ಅಂತ ಮನ್ಯಾಗ ಇಟ್ಕೊಂಡು ಕೂಡಬಾರದು."

"ಎವ್ವಾ, ನಾವು ಯಾವಾಗ ಹಂಗ ಅಂದೀವಿ?" ಎಂದ ಕಲ್ಲಪ್ಪ.

"ಅಂದಿಲ್ಲ. ಅನಬಾರದಂತ ಬರಸಾಕತ್ತೀನಿ. ಎರಡನೇದು. ಎದ್ದು ಕೂಡತೀನಿ, ನಿಮ್ಮ ಗುರುತು ಹಿಡೀತೀನಿ ಅಂತ ಡಾಕ್ಟರ್ ಅಂದ್ರ ಏನ ಮಿಶೀನ್ ಹಾಕ್ತಾರೋ ಹಾಕಲಿ. ಇನ್ನ ಏಳೂದಿಲ್ಲ ಅಂದ್ರ ಗಂಟಲಾಗ ನಳಗಿ ಬ್ಯಾಡ, ಉಸರಿನ ಮಿಶೀನ್ ಬ್ಯಾಡ. ಎದಿ ಗುದ್ದಬಾರದು. ಮೂರನೇದು. ನೋವಿಗೆ ಮಾತ್ರ ಔಷಧ ಕೊಡಸ್ರಿ, ಅದಕ್ಕ ಹಿಂದ ಮುಂದ ನೋಡಬ್ಯಾಡ್ರಿ. ತಡಕೊಳ್ಳೂದು ಈ ಜಲ್ಮಕ್ಕ ಭಾಳ ಆಗೇತಿ."

ನನ್ನ ಪೆನ್ನು ಓಡುತ್ತಿತ್ತು. ಕಲ್ಲಪ್ಪನ ಮಗಳು ಅಶ್ವಿನಿ ಪಕ್ಕದಲ್ಲಿ ಕೂತು ಅದನ್ನೇ ಮರಾಠಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳು ಮರಾಠಿ ಸಾಲೆಯ ಟೀಚರ್. ಕನ್ನಡ ಮಾತಾಡುತ್ತಾಳೆ, ಓದು ಎಂದರೆ "ದೊಡ್ಡಪ್ಪಾ, ನೀವs ಓದ್ರಿ" ಎನ್ನುತ್ತಾಳೆ.

"ನಾಕನೇದು" ಎಂದು ಅವ್ವ ತನ್ನ ಅಂಗೈ ನೋಡಿಕೊಂಡಳು. "ನನ್ನ ಕೈ ಕಟ್ಟಬಾರದು."

ಬರೆದೆ.

"ಐದನೇದು. ಮನಿಗೆ ತರಬೇಕು. ತರುವಾಗ ಆ ಗಾಡಿ ಒದರಬಾರದು."

"ಆಯೀ, ಅಂಬುಲೆನ್ಸ್ ಒದರಲಿಲ್ಲಂದ್ರ ದಾರಿ ಯಾರ ಬಿಡ್ತಾರ?" ಎಂದಳು ಅಶ್ವಿನಿ.

"ಆಗ ನನಗೇನ ಅವಸರ ಇರತೈತಿ?"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಅವನು ಗೋಡೆಗೆ ಒರಗಿ, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ.

"ಆರನೇದು. ನನ್ನ ಮಾತು ನಿಂತ್ರ ನನ್ನ ಪರವಾಗಿ ಒಬ್ಬರ ಮಾತು ನಡೀಬೇಕು. ಹೆಸರ ಬರಿ."

ನಾನು ಹಿರಿಯ ಮಗ. ಯಾದಿ ಬರೆಯುವವನು. ನಿಜ ಹೇಳುತ್ತೇನೆ, ನೀವು ನಗಬೇಡಿ, ನನ್ನ ಹೆಸರಿನ ಮೊದಲ ಅಕ್ಷರ ಆಗಲೇ ಬರೆದುಬಿಟ್ಟಿದ್ದೆ.

"ಶಿವಲಿಂಗಪ್ಪ" ಎಂದಳು ಅವ್ವ.

ನಾನು ಬರೆದ ಅಕ್ಷರ ಹೊಡೆದುಹಾಕಿದೆ. ಮಾವ ಎದ್ದು ನಿಂತ. ಮುಖ ಕೆಂಪಾಗಿತ್ತು. "ಅಕ್ಕಾ, ಇದೇನ ಚಾಷ್ಟಿ ಹಚ್ಚಿ? ನಿನ್ನ ಸಾವಿನ ಕಾಗದಕ್ಕ ನನ್ನ ಕೈಲೆ ಸಹಿ ಮಾಡಸ್ತೀಯೇನು? ನಾ ಒಲ್ಲೆ" ಎಂದವನೇ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಊಟಕ್ಕೆ ಹೋಳಿಗೆ ಮಾಡಿದ್ದೆವು. ಅದನ್ನೂ ಮುಟ್ಟಲಿಲ್ಲ.

"ಎವ್ವಾ, ಅವರs ಯಾಕ ಬೇಕಿತ್ತು? ನಾ ಇದ್ನೆಲ್ಲ?" ಎಂದೆ ನಾನು, ಸ್ವಲ್ಪ ಮುನಿಸಿನಿಂದಲೇ.

ಅವ್ವ ಹೋಳಿಗೆಗೆ ತುಪ್ಪ ಹಾಕುತ್ತ ಹೇಳಿದಳು: "ನೀ ನನ್ನ ಮಗ. ನಾಳೆ ತವರಿನವರು ಬಂದು ಗದರಿಸಿದ್ರ ನೀ ಸುಮ್ಮ ಆಗ್ತಿ, ನನಗ ಗೊತ್ತಿಲ್ಲೇನು? ಜಗಳ ತಗಿಯಾಂವ ಅವ. ಅವನ ಕೈಯಾಗನ ಕೊಟ್ಟಬಿಟ್ರ ಯಾರ ಕೂಡ ತಗೀತಾನ?"

ನಾನು ಎಷ್ಟೋ ಜಾಣರನ್ನು ಬಸ್ಸಿನಲ್ಲಿ ಕಂಡಿದ್ದೇನೆ. ವಕೀಲರು, ಪುಢಾರಿಗಳು, ಟಿಕೆಟ್ ತಪ್ಪಿಸುವವರು. ಆದರೆ ಸಾಲೆಯ ಮೆಟ್ಟಿಲು ಹತ್ತದ ಈ ಹೆಂಗಸಿನ ಲೆಕ್ಕಾಚಾರಕ್ಕೆ ಯಾರೂ ಸರಿಯಿಲ್ಲ ಎಂದು ಅವತ್ತು ಅನ್ನಿಸಿತು. ಮುನಿಸು ಕರಗಿ ಎರಡು ಹೋಳಿಗೆ ಹೆಚ್ಚು ತಿಂದೆ.

ಮುಂದಿನ ವಾರ ಅವ್ವ ತಾನೇ ಮೈಂದರ್ಗಿಗೆ ಹೊರಟಳು. ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ನಾನೂ ಹೋದೆ. ಮಾವ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ಅಕ್ಕನನ್ನು ಕಂಡು ಎದ್ದ, ಮತ್ತೆ ಸಿಟ್ಟು ನೆನಪಾಗಿ ಕೂತ. ಅವ್ವ ಅವನ ಎದುರು ನೆಲದ ಮೇಲೆ ಕೂತು, ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಇಬ್ಬರೂ ಹೊಸೆದರು.

"ಶಿವಾ, ಸಾವಿಗೆ ನಿನ್ನ ಸಹಿ ಬೇಕಾಗಿಲ್ಲೋ. ಅದು ತಾನs ಬರತೈತಿ."

"ಮತ್ತ ಇದೇನು?"

"ನೀಲವ್ವನ ಕೈ ಕಟ್ಟಿದ್ದು ನಾ ನೋಡಿ ಬಂದೀನಿ. ಬಿಚ್ಚಾಕ ಹೋದ್ರ ಬ್ಯಾಡ ಅಂದ್ರು. ಆಕಿನ್ನ ಅಲ್ಲೇ ಇಡಿಸಿದಾಂವ ಯಾರು? ಆಕಿನ ಅಣ್ಣ. ಜೀವದಂಥಾ ಅಣ್ಣ. ಅಂವಗೂ ಆಕಿ ಮ್ಯಾಲ ನಿನ್ನಷ್ಟs ಮಾಯೆ ಇತ್ತು."

ಮಾವನ ಕೈ ನಿಂತಿತು.

"ನಿನ್ನ ಎತ್ತಿ ಆಡಿಸಿದ ಕೈ ಇವು" ಎಂದಳು ಅವ್ವ. "ಕಟ್ಟಸ್ತೀಯೇನು ಹೇಳು. ಕಟ್ಟಸ್ತೀನಿ ಅಂದ್ರ ಈಗs ಹಾಳಿ ಹರದು ಒಗೀತೀನಿ."

ಮಾವ ಹಗ್ಗ ಕೆಳಗಿಟ್ಟ. ಆಮೇಲೆ ಎದ್ದು ಕೈ ತೊಳೆದು, ಒರೆಸಿಕೊಂಡು, ನನ್ನ ಕಡೆ ಕೈ ಚಾಚಿದ. "ತಾ ಇಲ್ಲಿ ಪೆನ್ನು. ಎಲ್ಲಿ ಮಾಡಬೇಕು?" ಒಂದೊಂದೇ ಅಕ್ಷರ ಕೊರೆದ ಹಾಗೆ ಬರೆದ. ಎರಡೂ ಹಾಳೆಗೆ.

ಅಲ್ಲಿಂದಲೇ ಮೂವರೂ ಅಕ್ಕಲಕೋಟೆಗೆ ಹೋದೆವು. ಅಶ್ವಿನಿಯ ಮರಾಠಿ ಪ್ರತಿ ನೋಡಿ ವಕೀಲರು ಮೊದಲೇ ಕಾಯ್ದೆಯ ಭಾಷೆಯಲ್ಲಿ ಕಾಗದ ತಯಾರು ಮಾಡಿದ್ದರು. ಕಲ್ಲಪ್ಪನೂ ನಮ್ಮ ಊರಿನ ಇಬ್ಬರು ಸಾಕ್ಷಿದಾರರೂ ಅಲ್ಲಿಗೇ ಬಂದರು. ನೋಟರಿ ಕನ್ನಡ ಬಲ್ಲವರು. ನನ್ನ ಹಾಳೆಯನ್ನೂ ಜೋಡಿಸಿ ಎಂದು ನಾನು ಅಂದಾಗ ಕೈಗೆತ್ತಿಕೊಂಡು ಓದಿದರು. ಹುಬ್ಬು ಮೇಲಕ್ಕೆ ಹೋಯಿತು.

"ಇದರಾಗ 'ವಧುವಿನ ಕಡೆ, ವರನ ಕಡೆ, ಉಭಯ ಪಕ್ಷದವರು ಸಂತೋಷದಿಂದ ಒಪ್ಪಿ' ಅಂತ ಬರದೀರಲ್ರಿ ಕಂಡಕ್ಟರ್? ವಧು ಯಾರು?"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮದುವೆಯ ಯಾದಿಯ ತಲೆಬರಹವನ್ನೇ ಬರೆದಿದ್ದೆ! ಇಷ್ಟು ದಿನ ಒಬ್ಬರೂ ನೋಡಿರಲಿಲ್ಲ.

"ನಾನs ರಿ" ಎಂದಳು ಅವ್ವ.

"ಮತ್ತ ವರ?"

"ಅಂವ ಇನ್ನ ಬರಾಂವ ಇದ್ದಾನ್ರಿ. ತಾರೀಖು ತಿಳಿಸಿಲ್ಲ."

ನೋಟರಿ ನಗುತ್ತ ನಗುತ್ತ ಶಿಕ್ಕಾ ಹೊಡೆದರು. ನಾನು ತಿದ್ದುತ್ತೇನೆಂದರೂ ಅವ್ವ ಬಿಡಲಿಲ್ಲ. "ಇರಲಿ ಬಿಡು, ಬ್ಯಾರೆದವರು ಓದಿ ನಗಲಿ" ಎಂದಳು. ಮಾವನೂ ಮೊದಲ ಸಲ ನಕ್ಕ.

ಆಮೇಲೆ ಎರಡು ವರ್ಷ ಅವ್ವ ರೊಟ್ಟಿ ಬಡಿಯುತ್ತ ಚೆನ್ನಾಗಿಯೇ ಇದ್ದಳು. ಒಂದು ಮಳೆಗಾಲದಲ್ಲಿ ನ್ಯುಮೋನಿಯಾ ಆಯಿತು. ಕಲ್ಲಪ್ಪ ದವಾಖಾನೆಗೆ ಒಯ್ಯಬೇಕೋ ಬೇಡವೋ ಎಂದು ತಡವರಿಸಿದಾಗ ಮಾವ ಫೋನಿನಲ್ಲೇ ಗರ್ಜಿಸಿದ: "ಒಂದನೇದು ಓದೋ, ಒಂದನೇದು!" ಒಯ್ದರು. ಎಂಟು ದಿನಕ್ಕೆ ಎದ್ದು ಬಂದು, "ದವಾಖಾನಿ ರೊಟ್ಟಿ ರೊಟ್ಟಿ ಅಲ್ಲ" ಎಂದಳು.

ಅದಾದ ಮೇಲೆ ಬಂದದ್ದು ಎದ್ದು ಬರುವಂಥದಾಗಿರಲಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಕೂತವಳು ಹಾಗೇ ವಾಲಿದಳು. ಸೊಲ್ಲಾಪುರದ ದವಾಖಾನೆಯಲ್ಲಿ ತಲೆಯ ಫೋಟೋ ತೆಗೆದರು. ಒಳಗೆ ರಕ್ತ ಹರಡಿತ್ತು. ತರುಣ ಡಾಕ್ಟರಮ್ಮ ಬಂದು, "ಕಾಕಾ, ಉಸಿರು ಇಳಿಯುತ್ತಿದೆ. ಈಗ ವೆಂಟಿಲೇಟರ್ ಹಾಕಬೇಕೋ ಬೇಡವೋ ಹೇಳಿ" ಎಂದು ಮರಾಠಿಯಲ್ಲಿ ಕೇಳಿದರು. ಏಳುವ ಆಸೆ ಬಹಳ ಕಡಿಮೆ ಎಂದೂ ಹೇಳಿದರು.

ಇಲ್ಲಿ ನನ್ನ ಶೌರ್ಯ ಕೇಳಿ. ಎರಡನೆಯ ಕಲಮನ್ನು ನನ್ನ ಕೈಯಾರೆ ಬರೆದವನು ನಾನು. ಅಕ್ಷರಕ್ಷರ ಬಾಯಿಪಾಠ. ಆದರೆ ಗಾಜಿನ ಆಚೆ ಅವ್ವ ಮಲಗಿದ್ದಳು, ಕೈಯ ಮೇಲೆ ಇನ್ನೂ ಜೋಳದ ಹಿಟ್ಟಿತ್ತು. ಅದನ್ನು ಯಾರೂ ಒರೆಸಿರಲಿಲ್ಲ. ನಾನು, "ಹಾಕ್ರಿ, ಹಾಕ್ರಿ ಡಾಕ್ಟರ್‌ಬಾಯಿ, ಏನ ಬೇಕಾದ್ರೂ ಹಾಕ್ರಿ" ಎಂದುಬಿಟ್ಟೆ. ಅವರು ಫಾರ್ಮ್ ತಂದರು. ಪೆನ್ನು ನನ್ನ ಕೈಯಲ್ಲಿತ್ತು. ಕಲ್ಲಪ್ಪ ಮುಖ ಬೇರೆ ಕಡೆ ತಿರುಗಿಸಿದ. ಅಶ್ವಿನಿ ಮಾತ್ರ, "ದೊಡ್ಡಪ್ಪಾ, ಮೈಂದರ್ಗಿ ಅಜ್ಜಾ ಬರಾಕತ್ಯಾರ. ಒಂದ ಹತ್ತ ಮಿನಿಟ ಥಾಂಬಾ, ತಡೀರಿ" ಎಂದು ನನ್ನ ತೋಳು ಹಿಡಿದುಕೊಂಡಳು.

ಮಾವ ಬಂದ. ಮೈಂದರ್ಗಿಯಿಂದ ಯಾರದೋ ಜೀಪಿನಲ್ಲಿ ಬಂದಿದ್ದ, ತಲೆಯ ಮೇಲೆ ಟೊಪ್ಪಿಗೆ ಕೂಡ ಇರಲಿಲ್ಲ. ಗಾಜಿನ ಹತ್ತಿರ ಹೋಗಿ ಅಕ್ಕನನ್ನು ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ಫಾರ್ಮ್ ನೋಡಿದ. ಈಗ ಸಿಡಿಯುತ್ತಾನೆ, ಇವನೂ ಹಾಕಿ ಎನ್ನುತ್ತಾನೆ, ಅಂದರೆ ನನ್ನ ಮೇಲಿನ ಭಾರ ಇಳಿಯುತ್ತದೆ ಎಂದು ನಾನು ಕಾದೆ. ನಾಚಿಕೆಯ ಮಾತು, ಆದರೂ ಹಾಗೇ ಕಾದೆ.

ಮಾವ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಹೊದಿಸಿದ ಹಾಳೆ ತೆಗೆದ. "ಬಾಯಿ, ಸ್ವಲ್ಪ ಕೇಳ್ರಿ" ಎಂದು ಡಾಕ್ಟರಮ್ಮನನ್ನು ನಿಲ್ಲಿಸಿ, ಆ ಕಾರಿಡಾರಿನಲ್ಲಿ ಎಲ್ಲರೂ ಕೇಳುವ ಹಾಗೆ, ಯಾದಿಯ ದಿನ ಹಿರಿಯರು ಓದುವ ಹಾಗೆ ಗಟ್ಟಿಯಾಗಿ ಓದತೊಡಗಿದ. ಒಂದೊಂದು ಕಲಮಿಗೂ ನಿಲ್ಲುತ್ತಿದ್ದ. ಅಶ್ವಿನಿ ಮರಾಠಿಯಲ್ಲಿ ಹೇಳುತ್ತಿದ್ದಳು. ಒಂದನೆಯದು. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಬಂದ. "ನನ್ನ" ಎಂದ. ದನಿ ಅಲ್ಲೇ ನಿಂತಿತು. ಮತ್ತೆ "ನನ್ನ" ಎಂದ. ಆಗಲಿಲ್ಲ.

ಹಾಳೆ ನೋಡುವ ಅಗತ್ಯ ನನಗಿರಲಿಲ್ಲ. "ನನ್ನ ಕೈ ಕಟ್ಟಬಾರದು" ಎಂದೆ. ಉಳಿದದ್ದನ್ನು ಇಬ್ಬರೂ ಕೂಡಿ ಓದಿ ಮುಗಿಸಿದೆವು. ಫಾರ್ಮ್ ವಾಪಸು ಕೊಟ್ಟೆ.

ಡಾಕ್ಟರಮ್ಮ ಆ ಹಾಳೆಯ ಜೊತೆಗಿದ್ದ ನೋಟರಿ ಕಾಗದ ತೆಗೆದುಕೊಂಡು ಹೋದರು. ಅಲ್ಲಿಯ ದೊಡ್ಡ ಡಾಕ್ಟರರು ಕೂಡಿ ನೋಡಿದರು, ಇನ್ನೊಂದು ತಂಡದವರೂ ನೋಡಿದರು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲರದೂ ಒಂದೇ ಮಾತಾಯಿತು, ಏಳುವುದಿಲ್ಲ. ಅಲ್ಲಿಯ ತನಕ ಮೂಗಿಗೆ ಬರೀ ಗಾಳಿಯ ನಳಿಗೆ ಇತ್ತು, ಕೈಗಳು ಬಿಡಿಯಾಗಿದ್ದವು. ಹೊರಡುವಾಗ ಡಾಕ್ಟರಮ್ಮ ಅಶ್ವಿನಿಗೆ ಎಲ್ಲ ಕಲಿಸಿದರು: ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಅರಳೆ ಒದ್ದೆ ಮಾಡಿ ತುಟಿ ಹಸಿ ಇಡಬೇಕು, ನರಳಿದರೆ ಈ ಔಷಧ, ಅಂಜಿಕೆಯಾದರೆ ಈ ನಂಬರಿಗೆ ಫೋನು. ಆಮೇಲೆ ನನ್ನ ಹತ್ತಿರ ಬಂದು, "ಕಾಕಾ, ಇಲ್ಲಿ ದಿನಾ ಮಕ್ಕಳು ಜಗಳಾಡುತ್ತಾರೆ, ಅಮ್ಮನಿಗೆ ಏನು ಬೇಕಿತ್ತು ಅಂತ. ನಿಮ್ಮ ಅಮ್ಮ ತಾವೇ ಬಂದು ಹೇಳಿದ ಹಾಗಾಯಿತು" ಎಂದರು. ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ.

ಗಾಡಿ ಒದರಲಿಲ್ಲ. ವಾಗದರಿಯ ತನಕ ಸಾವಕಾಶ ಬಂತು. ದಾರಿಯಲ್ಲಿ ಒಂದು ಎಸ್‌ಟಿ ನಮ್ಮನ್ನು ಹಿಂದೆ ಹಾಕಿ ಹೋಯಿತು. ಬೇರೆ ದಿನ ಆಗಿದ್ದರೆ ನನಗೆ ಹೆಮ್ಮೆಯಾಗುತ್ತಿತ್ತು.

ಮೂರು ದಿನ ಅವ್ವ ಮನೆಯಲ್ಲಿದ್ದಳು. ಪಡಸಾಲೆಯಲ್ಲೇ ಹಾಸಿದೆವು. ಊರು ಬಂದು ಹೋಯಿತು. ಸೊಸೆ ಅವಳ ಕೈ ಬೆರಳ ಸಂದಿಯ ಹಿಟ್ಟನ್ನೆಲ್ಲ ಬೆಚ್ಚನೆಯ ನೀರಲ್ಲಿ ತೊಳೆದಳು. ಮಾವ ಊಟಕ್ಕೂ ಏಳಲಿಲ್ಲ. ಅವಳ ಅಂಗೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು, ಅವರ ಸಣ್ಣಂದಿನ ಮಾತು ಹೇಳುತ್ತ ಕೂತಿದ್ದ. ಒಂದೆರಡು ಸಲ ಅವ್ವನ ಬೆರಳು ಅವನ ಬೆರಳನ್ನು ಹಿಡಿದದ್ದನ್ನು ನಾನು ಕಣ್ಣಾರೆ ನೋಡಿದೆ. ಡಾಕ್ಟರರನ್ನು ಕೇಳಿದರೆ ಅದಕ್ಕೆ ಬೇರೆ ಕಾರಣ ಹೇಳಿಯಾರು. ನಾನು ಕೇಳಲಿಲ್ಲ. ಮೂರನೆಯ ದಿನ ಬಿಸಿಲು ಅಂಗಳಕ್ಕೆ ಇಳಿದ ಹೊತ್ತಿಗೆ, ಸೊಸೆ ತುಟಿಗೆ ಅರಳೆ ಮುಟ್ಟಿಸುವಾಗ ಉಸಿರು ನಿಂತಿತು.

ಮಧ್ಯಾಹ್ನ ಮೈಂದರ್ಗಿಯಿಂದ ತವರಿನ ಜನ ಸೀರೆ ತಂದರು. ಅವರ ಜೊತೆ ಗಂಗವ್ವ ಬಂದಳು. ಅವ್ವನ ಚಿಕ್ಕಪ್ಪನ ಮಗಳು, ಬಾಯಿಗೆ ಹೆಸರಾದವಳು. ನಮ್ಮ ರೂಢಿಯಂತೆ ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದ ಅವ್ವನ ಮುಂದೆ ಕುಸಿದು, ಹಾಡಿಕೊಂಡು ಅತ್ತಳು. ಅಳುವುದರ ನಡುವೆಯೇ ತಟ್ಟನೆ ನಿಲ್ಲಿಸಿ ನಮ್ಮ ಕಡೆ ತಿರುಗಿದಳು.

"ಮಿಶೀನ್ ಹಾಕಸಲಾರದ ತಂದೀರಂತ? ಜೀವ ಇರೂವಾಗನ ತಂದೀರಂತ? ಯಾರನ್ನ ಕೇಳಿ ತಂದ್ರಿ ನಮ್ಮಕ್ಕನ್ನ?"

ಪಡಸಾಲೆಯಲ್ಲಿದ್ದವರೆಲ್ಲರ ಕಣ್ಣು ಹಿರಿಯ ಮಗನ ಮೇಲೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಎದ್ದು ನಿಂತ. ಮೂರು ದಿನದ ನಿದ್ದೆಗೆಟ್ಟ ಕಣ್ಣು. ತವರಿನ ಹಿರಿಯ ಅವನೇ.

"ಆಕಿನ್ನ ಕೇಳಿ ತಂದೀವಿ" ಎಂದ.

ಗಂಗವ್ವ ಅವನನ್ನು ನೋಡಿದಳು. ಅವ್ವನನ್ನು ನೋಡಿದಳು. ಆಮೇಲೆ ಮುಂದೆ ಸರಿದು ಅವ್ವನ ಸೆರಗು ನೆಟ್ಟಗೆ ಮಾಡಿ, ಅವಳ ಗಲ್ಲ ಹಿಡಿದು, "ನೀನs ಹೇಳಿದ್ಯೇನ ಯವ್ವಾ? ಹಂಗಾದ್ರ ನಾವ್ಯಾರು ಕೇಳಾಕ" ಎಂದಳು. ಮೈಂದರ್ಗಿಯ ಹೆಂಗಸರನ್ನು ಕೂಗಿ ಒಳಗೆ ಕರೆದಳು. ತವರಿನ ಸೀರೆ ಬಿಚ್ಚಿ ಉಡಿಸತೊಡಗಿದರು.